ಇಲ್ಲದ ಜಾಗದಲ್ಲಿ ಬಿದ್ದ ಕೆಂಪು

ನಾನು ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಕಲಿಸುವವನು ಎಂದು ಗೊತ್ತಾದ ಕೂಡಲೇ ಜನ ದನಿ ತಗ್ಗಿಸಿ ಒಂದು ಪ್ರಶ್ನೆ ಕೇಳುತ್ತಾರೆ. ಮದುವೆಮನೆಯ ಪಂಕ್ತಿಯಲ್ಲಿ ಕೇಳಿದ್ದಾರೆ, ಕ್ಷೌರದ ಅಂಗಡಿಯಲ್ಲಿ ಕತ್ತಿ ಕುತ್ತಿಗೆಯ ಮೇಲಿದ್ದಾಗ ಕೇಳಿದ್ದಾರೆ. ಇಷ್ಟು ವರ್ಷ ಹೆಣಗಳ ಜೊತೆ ಇದ್ದೀರಿ, ಎಂದಾದರೂ ಏನಾದರೂ ಕಂಡಿದೆಯೇ? ನನ್ನ ಉತ್ತರ ಸಿದ್ಧವಾಗಿರುತ್ತಿತ್ತು. ಸತ್ತವರಷ್ಟು ಶಿಸ್ತಿನ ಮಂದಿಯನ್ನು ನಾನು ಬದುಕಿದವರಲ್ಲಿ ಕಂಡಿಲ್ಲ, ಇಪ್ಪತ್ತೆಂಟು ವರ್ಷದಲ್ಲಿ ಒಬ್ಬರೂ ಎದ್ದು ಕುಳಿತು ಚಹಾ ಕೇಳಿಲ್ಲ ಎನ್ನುತ್ತಿದ್ದೆ. ಕೇಳಿದವರು ನಗುತ್ತಿದ್ದರು. ಆದರೆ ಅವರ ಮುಖದಲ್ಲಿ ಸ್ವಲ್ಪ ನಿರಾಸೆಯೂ ಕಾಣುತ್ತಿತ್ತು.

ನನ್ನ ಅಪನಂಬಿಕೆ ಕಾಲೇಜಿನಲ್ಲಿ ಕಲಿತದ್ದಲ್ಲ, ಮನೆಯಿಂದ ಬಂದದ್ದು. ನಮ್ಮದು ಬುದ್ಧನ ಪಟಕ್ಕೆ ಒಂದು ಹೂವಿಟ್ಟು ಕೆಲಸಕ್ಕೆ ಹೋಗುವ ಮನೆ. ನನಗೆ ನಾಲ್ಕು ವರ್ಷವಿದ್ದಾಗ ಅವ್ವ ತೀರಿಕೊಂಡಳು. ಅಪ್ಪ ಕೂಲಿ ಮಾಡುತ್ತಿದ್ದ. ನನ್ನನ್ನು ಬೆಳೆಸಿದವಳು ನನಗಿಂತ ಹನ್ನೊಂದು ವರ್ಷ ದೊಡ್ಡವಳಾದ ಅಕ್ಕ. ಆಕೆ ತಾನು ಮೊದಲು ಓದಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾದಳು, ಆಮೇಲೆ ನನ್ನನ್ನು ಡಾಕ್ಟರ್ ಮಾಡಿದಳು. ತಾನು ಮದುವೆಯಾಗಲಿಲ್ಲ. ಓಣಿಯ ಹುಣಸೆಮರದಲ್ಲಿ ದೆವ್ವ ಇದೆ ಎಂದು ನಾನು ಹೆದರಿದರೆ, ನನ್ನ ಕೈ ಹಿಡಿದು ಆ ಮರದ ಕೆಳಗೇ ಕರೆದೊಯ್ದು ಮಗ್ಗಿ ಹೇಳಿಸುತ್ತಿದ್ದಳು. ಹದಿಮೂರರ ಮಗ್ಗಿ ಮುಗಿಯುವಷ್ಟರಲ್ಲಿ ದೆವ್ವದ ಹೆದರಿಕೆಗಿಂತ ಅಕ್ಕನ ಹೆದರಿಕೆ ದೊಡ್ಡದಾಗಿರುತ್ತಿತ್ತು.

ಇಷ್ಟು ಹೇಳಿದ ಮೇಲೆ, ಏಳೆಂಟು ವರ್ಷದ ಹಿಂದಿನ ಒಂದು ಬೆಳಗಿನ ಸಂಗತಿಯನ್ನು ಹೇಳಬಹುದು. ಅದು ಅಮಾವಾಸ್ಯೆಯ ರಾತ್ರಿಯಲ್ಲ, ಹೆಣಗಳ ಕೋಣೆಯೂ ಅಲ್ಲ. ಬೆಳಗಿನ ಒಂಬತ್ತು ಗಂಟೆ, ಎದುರಿಗೆ ನೂರಕ್ಕೂ ಹೆಚ್ಚು ಹುಡುಗ ಹುಡುಗಿಯರು, ಕಿಟಕಿಯಿಂದ ಢಾಳಾದ ಬಿಸಿಲು.

ಅದಕ್ಕೂ ಮೊದಲು ಮನೆಯ ಸ್ಥಿತಿ ಹೇಳಬೇಕು. ಅಕ್ಕ ನಿವೃತ್ತಳಾದಾಗಿನಿಂದ ನವನಗರದ ನಮ್ಮ ಮನೆಯಲ್ಲೇ ಇದ್ದಳು. ಎಪ್ಪತ್ತು ದಾಟಿದ್ದರೂ ಗಟ್ಟಿಯಾಗಿದ್ದಳು. ಬೆಳಿಗ್ಗೆ ಪೆನ್ಸಿಲ್ ಹಿಡಿದು ಪತ್ರಿಕೆ ಓದಲು ಕೂತರೆ ಕೊನೆಯ ಪುಟದ ತಪ್ಪುಗಳವರೆಗೂ ಗುರುತು ಹಾಕದೆ ಏಳುತ್ತಿರಲಿಲ್ಲ. ಅಂಥವಳು ಆ ತಿಂಗಳು ಪತ್ರಿಕೆಯನ್ನು ಹಿಡಿದು ಕೂತು ಪುಟ ತಿರುವುವುದನ್ನೇ ಬಿಟ್ಟಳು. ಲೋಟಕ್ಕೆ ‘ಅದು’ ಎನ್ನತೊಡಗಿದಳು, ಬಾಗಿಲಿಗೂ ‘ಅದು’ ಎನ್ನತೊಡಗಿದಳು. ಮಧ್ಯಾಹ್ನ ಮಲಗಿದರೆ ಸಂಜೆ ಎಬ್ಬಿಸಬೇಕಾಗುತ್ತಿತ್ತು. ಅಂಗಳದಲ್ಲಿ ನಡೆಯುವಾಗ ಬಲಗಾಲಿನ ಚಪ್ಪಲಿ ಕಳಚಿ ಹಿಂದೆ ಉಳಿದುಬಿಡುತ್ತಿತ್ತು, ಆಕೆಗೆ ಅದು ಗೊತ್ತೂ ಆಗುತ್ತಿರಲಿಲ್ಲ. ಚಪ್ಪಲಿ ಸಡಿಲವಾಗಿದೆ ಎಂದುಕೊಂಡು ನಾನು ಪೇಟೆಗೆ ಹೋಗಿ ಹೊಸ ಜೋಡಿ ತಂದುಕೊಟ್ಟೆ. ಹಿಂದೆ ಪಟ್ಟಿ ಇದ್ದದ್ದನ್ನೇ ಆರಿಸಿ ತಂದೆ. ಇದನ್ನು ಬರೆಯುವಾಗ ಈಗಲೂ ನನಗೆ ನಾಚಿಕೆಯಾಗುತ್ತದೆ.

ಎಲ್ಲಕ್ಕಿಂತ ನಮಗೆ ಕಸಿವಿಸಿಯಾದದ್ದು ಊಟದ ಹೊತ್ತಿನಲ್ಲಿ. ಅಕ್ಕ ಎಡಗೈಯಿಂದ ಉಣ್ಣತೊಡಗಿದಳು. ಮೂವತ್ತು ವರ್ಷ ಶಾಲೆಯಲ್ಲಿ ಎಡಗೈಯಿಂದ ತುತ್ತು ಎತ್ತಿದ ಮಕ್ಕಳ ಮಣಿಕಟ್ಟನ್ನು ಮೆಲ್ಲಗೆ ತಟ್ಟಿದ ಹೆಂಗಸು ಆಕೆ. ಬಂದ ನೆಂಟರ ಎದುರಿಗೇ ರೊಟ್ಟಿಯನ್ನು ಎಡಗೈಯಲ್ಲಿ ಹಿಡಿದು ಕಚ್ಚಿ ತಿಂದಳು. ನನ್ನ ಹೆಂಡತಿ ವಿಮಲಾ ಮೆತ್ತಗೆ, “ಅಕ್ಕಾ, ಬಲಗೈಲೆ ಉಣ್ರಿ,” ಎಂದಳು. ಅಕ್ಕ ತನ್ನ ಬಲಗೈಯನ್ನು ಯಾರದೋ ಕೈ ಎಂಬಂತೆ ನೋಡಿದಳು. ಮತ್ತೆ ಎಡಗೈಯಿಂದಲೇ ಉಂಡಳು.

ನೆಂಟರು ಹೋದ ಮೇಲೆ ವಿಮಲಾ ಕಣ್ಣು ಒರೆಸಿಕೊಂಡಳು. ನಾನು ಸಮಾಧಾನ ಹೇಳಲು ಹೋಗಿ ಚೇಷ್ಟೆ ಮಾಡಿದೆ. “ಮಂದಿಗೆ ಅರವತ್ತಕ್ಕ ಅರಳು ಮರಳು ಬರ್ತೈತಿ, ನಮ್ಮಕ್ಕಗ ಎಪ್ಪತ್ತಕ್ಕ ಬಂದೈತಿ. ಹತ್ತು ವರ್ಷ ಲಾಭ ಅಂತ ತಿಳಕೋ,” ಎಂದೆ. ನೆರೆಯ ಡಾಕ್ಟರರೊಬ್ಬರು ಕೂಡ ವಯಸ್ಸಿನ ಮರೆವು ಇರಬಹುದು, ನಿಧಾನವಾಗಿ ತೋರಿಸೋಣ ಎಂದಿದ್ದರು. ಮುಂದಿನ ವಾರ ಕರೆದೊಯ್ಯುವುದೆಂದು ಮಾತಾಗಿತ್ತು. ಅದಕ್ಕೂ ಮೊದಲು ವಿಜಯಪುರದಲ್ಲಿ ವಿಮಲಾಳ ಕಡೆಯ ಒಂದು ಮದುವೆ ಇತ್ತು. ನಾನು ಹೇಳಹೊರಟ ದಿನದ ಸಂಜೆಯೇ ಹೊರಟು ಎರಡು ದಿನ ಇದ್ದು ಬರುವವರಿದ್ದೆವು. ಅಕ್ಕ ಹೇಗೂ ಮಲಗಿಯೇ ಇರುತ್ತಾಳೆ, ಪಕ್ಕದ ಮನೆಯವರು ಊಟ ಕೊಟ್ಟು ನೋಡಿಕೊಳ್ಳುತ್ತಾರೆ ಎಂಬ ಧೈರ್ಯ ನಮ್ಮದು.

ಆ ದಿನ ಬೆಳಿಗ್ಗೆ ನಾನು ತೆಗೆದುಕೊಳ್ಳಬೇಕಿದ್ದ ಪಾಠ ಮಿದುಳಿನ ಪೊರೆಗಳು. ಈ ಪಾಠ ನನಗೆ ನಿದ್ದೆಯಲ್ಲೂ ಬರುತ್ತದೆ. ತಲೆಬುರುಡೆಯ ಒಳಗೆ ಮಿದುಳು ಬರಿಮೈಯಲ್ಲಿ ಕೂತಿರುವುದಿಲ್ಲ, ಅದರ ಮೇಲೆ ಮೂರು ಹೊದಿಕೆಗಳಿವೆ. ಹೊರಗಿನದು ಬುರುಡೆಗೆ ಅಂಟಿಕೊಂಡ ಗಟ್ಟಿ ಪೊರೆ, ಹದ ಮಾಡಿದ ಚರ್ಮದಷ್ಟು ಬಿಗಿ. ಅದರ ಒಳಗೆ ಜೇಡರ ಬಲೆಯಂಥ ತೆಳು ಪೊರೆ. ಎಲ್ಲಕ್ಕೂ ಒಳಗೆ, ಮಿದುಳಿನ ಒಂದೊಂದು ಮಡಿಕೆಯೊಳಗೂ ಇಳಿದು ಅಪ್ಪಿಕೊಂಡ ಮೃದು ಪೊರೆ. ಜೇಡರ ಪೊರೆಗೂ ಮೃದು ಪೊರೆಗೂ ನಡುವೆ ತಿಳಿನೀರು ಹರಿಯುತ್ತದೆ, ಮಿದುಳು ಆ ನೀರಿನಲ್ಲಿ ತೇಲುತ್ತಿರುತ್ತದೆ. ನಮ್ಮ ಟೇಬಲ್ಲಿನ ಮೇಲೆ ಬರುವ ಮಿದುಳು ಔಷಧದಲ್ಲಿ ನೆನೆದು ಗಟ್ಟಿಯಾಗಿರುತ್ತದೆ. ಬದುಕಿದ ಮಿದುಳು ಗಿಣ್ಣಿನಷ್ಟು ಮೆತ್ತಗೆ ಇರುತ್ತದಂತೆ. ಇರುತ್ತದಂತೆ ಎನ್ನುತ್ತೇನೆ, ಏಕೆಂದರೆ ನಾನು ಮುಟ್ಟಿದ್ದೆಲ್ಲ ಸತ್ತವರದ್ದು.

ಈ ಪೊರೆಗಳ ಹಳೆಯ ಲ್ಯಾಟಿನ್ ಹೆಸರುಗಳಲ್ಲಿ ತಾಯಿ ಎಂಬ ಶಬ್ದ ಇದೆ. ಹೊರಗಿನದು ಗಟ್ಟಿ ತಾಯಿ, ಒಳಗಿನದು ಮೃದು ತಾಯಿ. ಪ್ರತಿ ವರ್ಷ ಇದನ್ನು ಹೇಳಿ, ನಿಮ್ಮ ಮನೆಯಲ್ಲಿ ಈ ಇಬ್ಬರೂ ಒಬ್ಬರೇ ಆಗಿರುತ್ತಾರೆ ಎಂದು ಹುಡುಗರನ್ನು ನಗಿಸುತ್ತೇನೆ. ನಗಿಸುವಾಗ ನನಗೆ ನೆನಪಾಗುವುದು ಅಕ್ಕನೇ.

ಇನ್ನೊಂದು ಮಾತನ್ನೂ ಪ್ರತಿ ವರ್ಷ ಹೇಳುತ್ತೇನೆ. ಗಟ್ಟಿ ಪೊರೆಗೂ ಜೇಡರ ಪೊರೆಗೂ ನಡುವೆ ಒಂದು ಜಾಗ ಇದೆ ಎಂದು ಪುಸ್ತಕಗಳು ಹೆಸರು ಕೊಟ್ಟಿವೆ. ನಿಜವಾಗಿ ಅಲ್ಲಿ ಜಾಗ ಇಲ್ಲ. ಕಿರಾಣಿ ಅಂಗಡಿಯ ಹೊಸ ಪ್ಲಾಸ್ಟಿಕ್ ಚೀಲದ ಎರಡು ಪದರಗಳ ಹಾಗೆ ಅವು ಅಂಟಿಕೊಂಡಿರುತ್ತವೆ. ಏನಾದರೂ ನಡುವೆ ಬಂದು ಸೇರಿದಾಗ ಮಾತ್ರ ಅದು ಜಾಗವಾಗುತ್ತದೆ.

ನಮ್ಮ ಕಾಲೇಜಿನಲ್ಲಿ ಈಗ ಎಲ್ಲರೂ ಪರದೆಯ ಮೇಲೆ ಚಿತ್ರ ತೋರಿಸುತ್ತಾರೆ. ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆಯುವವನು ನಾನೊಬ್ಬನೇ ಉಳಿದಿದ್ದೇನೆ, ಮತ್ತು ಆ ವಿಷಯದಲ್ಲಿ ನನಗೆ ಸ್ವಲ್ಪ ಸೊಕ್ಕೂ ಇದೆ. ಬುರುಡೆಗೆ ಹಳದಿ, ಗಟ್ಟಿ ಪೊರೆಗೆ ನೀಲಿ, ಜೇಡರ ಪೊರೆಗೆ ಬಿಳಿ, ಮೃದು ಪೊರೆಗೆ ಹಸಿರು. ಕೆಂಪು ರಕ್ತನಾಳಗಳಿಗೆ ಮಾತ್ರ, ಈ ಪಾಠದಲ್ಲಿ ಅದನ್ನು ನಾನು ಡಬ್ಬಿಯಿಂದ ತೆಗೆಯುವುದೇ ಇಲ್ಲ. ತಲೆಯನ್ನು ಹಿಂದಿನಿಂದ ನೋಡಿದಂತೆ ಬರೆಯುವುದು ನನ್ನ ರೂಢಿ. ಹಾಗಾಗಿ ನನ್ನ ಹಲಗೆಯಲ್ಲಿ ಎಡ ಎಂದರೆ ತಲೆಯ ಎಡವೇ.

ಅಂದು ತಾಯಿಯ ಮಾತು ಹೇಳಿ, ಹುಡುಗರು ನಕ್ಕು, ನಾನು ಹಲಗೆಯ ಕಡೆ ತಿರುಗಿದೆ. ಹಳದಿ ಬುರುಡೆ ಬರೆದದ್ದು ನೆನಪಿದೆ. ನೀಲಿ, ಬಿಳಿ ಎಳೆದದ್ದು ನೆನಪಿದೆ. ಹಸಿರು ಗೆರೆಯನ್ನು ಮಡಿಕೆಗಳೊಳಗೆ ಇಳಿಸುವುದು ನಾಜೂಕಿನ ಕೆಲಸ, ಅದನ್ನು ಮುಗಿಸಿದ್ದೂ ನೆನಪಿದೆ. ಆಮೇಲೆ ನೆನಪಿರುವುದು ನಾನು ಕೈ ಕೊಡವಿಕೊಂಡು ತರಗತಿಯ ಕಡೆ ಮುಖ ಮಾಡಿ ನಿಂತದ್ದು. ನಡುವೆ ಏನೂ ಬಿಟ್ಟುಹೋದಂತೆ ನನಗೆ ಅನಿಸಲೇ ಇಲ್ಲ. ತರಗತಿ ಮಾತ್ರ ಬಹಳ ಸುಮ್ಮನಿತ್ತು. ನನ್ನ ಚಿತ್ರಕ್ಕೆ ಮರುಳಾಗಿದ್ದಾರೆ ಎಂದುಕೊಂಡೆ.

ಮೂರನೆಯ ಸಾಲಿನಲ್ಲಿ ಕೂತಿದ್ದ ಅಶ್ವಿನಿ ಎಂಬ ಹುಡುಗಿ ಎದ್ದು ನಿಂತು, “ಸರ್, ಎಡಗಡೆ ಕೆಂಪು ಹಚ್ಚೀರಲ್ರಿ, ಅದರ ಹೆಸರು ಬರದಿಲ್ಲ. ಏನ್ರಿ ಅದು?” ಎಂದಳು.

ತಿರುಗಿ ನೋಡಿದೆ. ಎಡಗಡೆ, ಗಟ್ಟಿ ಪೊರೆಗೂ ಜೇಡರ ಪೊರೆಗೂ ನಡುವೆ, ಬಿದಿಗೆಯ ಚಂದ್ರನಂತೆ ಬಾಗಿದ ಒಂದು ಕೆಂಪು ಪಟ್ಟಿ ಇತ್ತು. ದಟ್ಟವಾಗಿ, ಒತ್ತಿ ತುಂಬಿದ ಕೆಂಪು. ಅದು ಒತ್ತಿದ ಕಡೆ ಮಿದುಳಿನ ಗೆರೆಗಳು ಒಳಕ್ಕೆ ತಗ್ಗಿದ್ದವು. ಕೆಂಪಿನ ಒಳಗೆ ಅಡ್ಡಲಾಗಿ ಒಂದು ತೆಳು ಬಿಳಿ ಗೆರೆ, ಅದನ್ನು ಎರಡು ಭಾಗ ಮಾಡಿತ್ತು. ಹಿಂದಿನ ಪಾಠದವರು ಬರೆದು ಬಿಟ್ಟಿದ್ದೇ ಎಂಬುದು ನನ್ನ ಮೊದಲ ಯೋಚನೆ. ಆದರೆ ಬುರುಡೆಯನ್ನು ನಾನೇ ಈಗ ಬರೆದಿದ್ದೆ. ಆಗ ನನ್ನ ಕೈ ನೋಡಿಕೊಂಡೆ. ಬಲಗೈ ಬೆರಳುಗಳಲ್ಲಿ ಹಸಿರು ಪುಡಿ ಇತ್ತು. ಕೆಂಪು ಪುಡಿ ಇದ್ದದ್ದು ಎಡಗೈಯಲ್ಲಿ.

ಮೇಷ್ಟರಿಗೆ ಒಂದು ಕೆಟ್ಟ ಗುಣ ಇದೆ. ಗೊತ್ತಿಲ್ಲ ಎನ್ನುವುದಕ್ಕಿಂತ ಪಾಠ ಮುಂದುವರಿಸುವುದು ಅವರಿಗೆ ಸುಲಭ. ನಾನೂ ಹಾಗೇ ಮಾಡಿದೆ. ಇದು ಇಲ್ಲದ ಜಾಗದಲ್ಲಿ ಸೇರಿದ ರಕ್ತ ಎಂದೆ. ವಯಸ್ಸಾದವರ ಮಿದುಳು ಸ್ವಲ್ಪ ಕುಗ್ಗಿರುತ್ತದೆ, ಅದರಿಂದ ಗಟ್ಟಿ ಪೊರೆಗೆ ಹೋಗುವ ಸಣ್ಣ ರಕ್ತನಾಳಗಳು ಎಳೆದುಕೊಂಡಿರುತ್ತವೆ, ತಲೆಗೆ ಒಂದು ಸಣ್ಣ ಪೆಟ್ಟಾದರೂ ಹರಿಯಬಹುದು. ಹನಿ ಹನಿಯಾಗಿ ವಾರಗಟ್ಟಲೆ ಸೇರುತ್ತದೆ. ಪೆಟ್ಟನ್ನು ಎಲ್ಲರೂ ಮರೆತಿರುತ್ತಾರೆ. ರೋಗಿ ಮಂಕಾಗುತ್ತಾನೆ, ಮಾತು ತಡವರಿಸುತ್ತದೆ, ಎಡಗಡೆ ಆದರೆ ಬಲಗೈ ಬಲಗಾಲು ಸೋಲುತ್ತವೆ, ಮನೆಯವರು ವಯಸ್ಸಾಯಿತು ಎಂದುಕೊಳ್ಳುತ್ತಾರೆ. ದೊಡ್ಡ ಪೆಟ್ಟೇ ಬೇಕೆಂದಿಲ್ಲ, ಅಡುಗೆಮನೆಯ ಕಪಾಟಿನ ಬಾಗಿಲು ಬಡಿದರೂ ಸಾಕು ಎಂದೆ.

ಆಗ ನೆನಪಾಯಿತು. ತಿಂಗಳ ಹಿಂದೆ ಅಕ್ಕ ಕೆಳಗೆ ಚೆಲ್ಲಿದ ಜೋಳ ಬಳಿದು ಏಳುವಾಗ ಕಪಾಟಿನ ತೆರೆದ ಬಾಗಿಲು ತಲೆಗೆ ಬಡಿದಿತ್ತು. ಏನೂ ಆಗಿಲ್ಲ ಎಂದು ಕೊಬ್ಬರಿ ಎಣ್ಣೆ ಹಚ್ಚಿಕೊಂಡಿದ್ದಳು. ಹಲಗೆಯ ಎದುರಿಗೆ ನಿಂತು, ನನ್ನದೇ ಬಾಯಿಂದ, ನನ್ನದೇ ಮನೆಯ ಕಥೆಯನ್ನು ನಾನು ನೂರು ಜನಕ್ಕೆ ಹೇಳುತ್ತಿದ್ದೆ. ತರಗತಿ ಬಿಟ್ಟು ಹೊರಗೆ ಬಂದು ವಿಮಲಾಳಿಗೆ ಫೋನ್ ಮಾಡಿದೆ. ಅಕ್ಕ ಇನ್ನೂ ಎದ್ದಿಲ್ಲ, ಚಹಾ ಎರಡು ಸಲ ಬಿಸಿ ಮಾಡಿದೆ, ಬಟ್ಟೆ ಚೀಲಕ್ಕೆ ತುಂಬುತ್ತಿದ್ದೇನೆ ಎಂದಳು.

ಮುಂದಿನದನ್ನು ಚಿಕ್ಕದಾಗಿ ಹೇಳುತ್ತೇನೆ. ಮಧ್ಯಾಹ್ನದೊಳಗೆ ಸ್ಕ್ಯಾನ್ ಆಯಿತು, ಸಂಜೆಯೊಳಗೆ ಶಸ್ತ್ರಚಿಕಿತ್ಸೆ ಆಯಿತು. ಮಾಡಿದವನು ನನ್ನ ಹಳೆಯ ವಿದ್ಯಾರ್ಥಿ. ಒಳಗಿನ ರಕ್ತ ಎರಡು ಕೋಣೆಯಾಗಿ ಒಡೆದಿದೆ, ನಡುವೆ ತೆಳು ಪರದೆ ಬೆಳೆದಿದೆ, ಹಾಗಾಗಿ ಒಂದು ರಂಧ್ರ ಸಾಲದೆ ಎರಡು ಕೊರೆಯಬೇಕಾಯಿತು ಎಂದು ಹೊರಗೆ ಬಂದು ಹೇಳಿದ. ಹಳೆಯ ಎಂಜಿನ್ ಎಣ್ಣೆಯಂತೆ ಕಪ್ಪಗಿತ್ತಂತೆ. ಇನ್ನೆರಡು ದಿನ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ನಾನು ಕೇಳಿದೆ. ಅವನು ನನ್ನ ಮುಖ ನೋಡದೆ, “ಬ್ಯಾಡ ಬಿಡ್ರಿ ಸರ್,” ಎಂದ. ಮರುದಿನ ಬೆಳಿಗ್ಗೆ ಅಕ್ಕ ಕಣ್ಣು ಬಿಟ್ಟು ನೀರು ಬೇಕು ಎಂದಳು. ‘ಅದು’ ಎನ್ನದೆ ‘ಲೋಟ’ ಎಂದಳು. ನಾನು ವಾರ್ಡಿನ ಹೊರಗೆ ಹೋಗಿ ಗೋಡೆಗೆ ಮುಖ ಕೊಟ್ಟು ಅತ್ತೆ.

ಹೆದರಿಕೆ ಇಳಿದ ಮೇಲೆ ಹಲಗೆಯ ಯೋಚನೆ ಹಿಡಿಯಿತು. ಕೆಲವು ದಿನ ಬಿಟ್ಟು ತರಗತಿಗೆ ಹೋಗಿ, ಆ ದಿನದ ಚಿತ್ರವನ್ನು ಯಾರಾದರೂ ಮೊಬೈಲಿನಲ್ಲಿ ತೆಗೆದಿದ್ದೀರಾ ಎಂದು ಕೇಳಿದೆ. ತರಗತಿಯಲ್ಲಿ ಮೊಬೈಲ್ ತೆಗೆಯಬಾರದೆಂದು ಗದರುತ್ತಿದ್ದವನು ನಾನೇ. ಬೈಯುವುದಿಲ್ಲ ಎಂದು ಆಣೆ ಮಾಡಿದ ಮೇಲೆ ಅಶ್ವಿನಿ ತಲೆ ತಗ್ಗಿಸಿಕೊಂಡು ಬಂದು ತನ್ನ ಫೋನ್ ಕೊಟ್ಟಳು. ಫೋಟೊದಲ್ಲಿ ನನ್ನ ಬೆನ್ನು ಇತ್ತು, ಹಲಗೆ ಇತ್ತು, ಮೇಲೆತ್ತಿದ ನನ್ನ ಎಡಗೈ ಇತ್ತು. ಆ ಕೈಯಲ್ಲಿ ಕೆಂಪು ಸೀಮೆಸುಣ್ಣ. ಬಲಗೈ ಪಕ್ಕಕ್ಕೆ ಜೋತುಬಿದ್ದಿತ್ತು. ಫೋಟೊ ತಿರುವುಮುರುವಾಗಿರಬಹುದೇ ಎಂದು ನೋಡಿದೆ, ಆದರೆ ಹಲಗೆಯ ಅಕ್ಷರಗಳು ನೆಟ್ಟಗಿದ್ದವು. ಸರ್, ನೀವು ಎಷ್ಟೋ ಹೊತ್ತು ಮಾತಾಡದೆ ಬರೆಯುತ್ತಿದ್ದಿರಿ, ನಮಗೆ ಅಂಜಿಕೆಯಾಗಿ ಸುಮ್ಮನಿದ್ದೆವು ಎಂದು ಹುಡುಗಿ ಹೇಳಿದಳು.

ಆ ಫೋಟೊವನ್ನು ನನ್ನ ಫೋನಿಗೆ ಹಾಕಿಸಿಕೊಂಡು, ಶಸ್ತ್ರಚಿಕಿತ್ಸೆ ಮಾಡಿದ ನನ್ನ ಹಳೆಯ ವಿದ್ಯಾರ್ಥಿಗೆ ತೋರಿಸಿದೆ. ಅವನು ಸ್ಕ್ಯಾನನ್ನು ಕಂಪ್ಯೂಟರಿನಲ್ಲಿ ತೆರೆದು ಪಕ್ಕದಲ್ಲಿ ಫೋನ್ ಹಿಡಿದು ನೋಡಿದ. ಪಟ್ಟಿಯ ಉದ್ದ, ಬಾಗು, ನಡುವಿನ ಗೆರೆಯ ಓರೆ, ಎಲ್ಲವೂ ತಾಳೆಯಾಗುತ್ತಿದ್ದವು. “ಸ್ಕ್ಯಾನ್ ನೋಡಿದ ಮ್ಯಾಲೆ ಬರದೀರಲ್ರಿ?” ಎಂದು ಕೇಳಿದ. ಬೆಳಗಿನದು ಎಂದೆ. ಫೋಟೊದ ಸಮಯವನ್ನು ಅವನೂ ಒಮ್ಮೆ ಒತ್ತಿ ನೋಡಿದ. ಆಮೇಲೆ, ಲಕ್ಷಣಗಳನ್ನೆಲ್ಲ ನೀವು ದಿನವೂ ನೋಡುತ್ತಿದ್ದಿರಿ, ಒಳಮನಸ್ಸು ಲೆಕ್ಕ ಹಾಕಿದೆ, ಇಂಥ ಪರದೆ ಬೆಳೆಯುವುದೂ ಅಪರೂಪವೇನಲ್ಲ ಎಂದ. ಫೋನನ್ನು ಮಾತ್ರ ಬೇಗ ನನ್ನ ಕೈಗೆ ಕೊಟ್ಟುಬಿಟ್ಟ.

ಅವನು ಹೇಳಿದ್ದನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಕಪಾಟಿನ ಬಾಗಿಲು ನನಗೆ ಗೊತ್ತಿತ್ತು, ಚಪ್ಪಲಿ ಗೊತ್ತಿತ್ತು, ಎಡಗೈ ಊಟ ಗೊತ್ತಿತ್ತು. ಎಡ ಮಿದುಳು ಬಲಗೈಯನ್ನು ಆಳುತ್ತದೆ ಎಂಬುದನ್ನು ನಾನು ಇಪ್ಪತ್ತೆಂಟು ವರ್ಷ ಕಲಿಸಿದ್ದೆ. ಬಿಡಿ ಬಿಡಿಯಾಗಿ ಬಿದ್ದಿದ್ದನ್ನು ಒಳಗೆ ಏನೋ ಒಂದು ಕೂಡಿಸಿತು, ಇರಲಿ. ಆದರೆ ನನ್ನ ಎಡಗೈ? ಮನೆಯಲ್ಲಿ ಒಬ್ಬನೇ ಇದ್ದಾಗ ರಜೆಗೆ ಬಂದಾಗ ಮೊಮ್ಮಗ ಬಿಟ್ಟುಹೋದ ಹಲಗೆಯ ಮೇಲೆ ಎಡಗೈಯಿಂದ ಬರೆದು ನೋಡಿದೆ. ಒಂದು ನೆಟ್ಟನೆಯ ಗೆರೆಯೂ ಬರಲಿಲ್ಲ, ಕೋಳಿ ಕೆದರಿದಂತಾಯಿತು. ಫೋಟೊದ ಗೆರೆಗಳೋ ನನ್ನ ಬಲಗೈಯ ಗೆರೆಗಳಿಗಿಂತ ನಯವಾಗಿದ್ದವು. ಕಳೆದುಹೋದ ಆ ಹೊತ್ತು ನನಗೆ ಇಂದಿಗೂ ಮರಳಿ ಬಂದಿಲ್ಲ. ನನ್ನ ತಲೆಯನ್ನೂ ಸ್ಕ್ಯಾನ್ ಮಾಡಿಸಿದೆ, ಎಲ್ಲವೂ ಸರಿ ಇದೆ ಎಂದರು.

ಅಕ್ಕನಿಗೆ ಇದನ್ನು ಹೇಳಿದ್ದು ತಿಂಗಳಾದ ಮೇಲೆ. ಬೋಳಿಸಿದ ತಲೆಗೆ ಹತ್ತಿಯ ಬಟ್ಟೆ ಕಟ್ಟಿಕೊಂಡು ಅಂಗಳದ ಬಿಸಿಲಿಗೆ ಕೂತಿದ್ದಳು. ದೆವ್ವವನ್ನು ನಂಬದವಳು ಇದಕ್ಕೆ ಏನೆನ್ನುತ್ತಾಳೋ ಎಂಬ ಕುತೂಹಲ ನನಗೆ. ಎಲ್ಲ ಕೇಳಿದಳು, ಕನ್ನಡಕ ತರಿಸಿಕೊಂಡು ಫೋಟೊವನ್ನು ಬಹಳ ಹೊತ್ತು ನೋಡಿದಳು. ಆಶ್ಚರ್ಯಪಡಲಿಲ್ಲ. “ಚಿತ್ರ ಛಲೋ ಬಂದೈತಿ,” ಎಂದು ಫೋನ್ ವಾಪಸು ಕೊಟ್ಟಳು.

ಕನ್ನಡಕ ತೆಗೆದು ಮಡಚಿಟ್ಟು ಮತ್ತೆ ಹೇಳಿದಳು. “ಯಾರು ಬರಸಿದ್ರು ಅಂತ ನನ್ನ ಕೇಳಬ್ಯಾಡ, ನನಗ ತಿಳಿಯೂದಿಲ್ಲ. ನಾ ಒಂದು ಕೇಳ್ತೇನಿ. ಕೈ ಏಳವಲ್ಲದು ಅಂತ ನನಗ ಗೊತ್ತಾಗ್ತಿತ್ತು. ಹೇಳಬೇಕಂದ್ರ ಮಾತು ಬರ್ತಿದ್ದಿಲ್ಲ. ಮೂರು ವಾರ, ದಿನಾ ಎರಡು ಹೊತ್ತು, ನಿನ್ನ ಎದುರಿಗೇ ಉಣ್ಣಾಕ ಕುಂತಿದ್ದೆ. ಅಕ್ಕಾ, ನಿನಗ ಏನಾಗೇತಿ ಅಂತ ಒಮ್ಮೆರೆ ಕೇಳಿದ್ಯೇನು?”

ಸಿಟ್ಟಿನಿಂದ ಕೇಳಲಿಲ್ಲ. ಶಾಲೆಯಲ್ಲಿ ಲೆಕ್ಕ ತಪ್ಪಿದ ಹುಡುಗನನ್ನು ಎಲ್ಲಿ ತಪ್ಪಿದೆ ನೋಡು ಎಂದು ಕೇಳುವ ಹಾಗೆ ಕೇಳಿದಳು.

ಈ ಕಥೆಯನ್ನು ನಾನು ಆಮೇಲೆ ಹಲವರಿಗೆ ಹೇಳಿದ್ದೇನೆ. ಎಲ್ಲರೂ ಸೀಮೆಸುಣ್ಣದ ವಿಷಯವನ್ನೇ ಕೇಳುತ್ತಾರೆ. ಯಾವ ಶಕ್ತಿ, ಯಾರ ಕೈ, ಹೇಗೆ ಸಾಧ್ಯ ಎನ್ನುತ್ತಾರೆ. ಅದಕ್ಕೆ ನನ್ನಲ್ಲಿ ಅಂದೂ ಉತ್ತರ ಇರಲಿಲ್ಲ, ಇಂದೂ ಇಲ್ಲ. ಅಕ್ಕ ಕೇಳಿದ್ದಕ್ಕೆ ಮಾತ್ರ ಉತ್ತರ ಅಲ್ಲೇ ಗೊತ್ತಿತ್ತು. ಒಮ್ಮೆಯೂ ಕೇಳಿರಲಿಲ್ಲ.